ಕೊಡೆ ಕಡ್ಡಿಯ ರೈಲು

1985ರಲ್ಲಿ ಎಂಟನೇ ಕ್ಲಾಸಿನ ದೊಡ್ಡ ರಜೆ ಮುಗಿದು ಎಲ್ಲರೂ ಶಾಲೆಗೆ ಹೋದರು, ನಾನು ಹೋಗಲಿಲ್ಲ. ಆದ್ದರಿಂದ ದೊಡ್ಡ ದೊಡ್ಡ ಮಾತಿನಲ್ಲಿ ನಿಮ್ಮನ್ನು ನಂಬಿಸುವ ಶಕ್ತಿ ನನಗಿಲ್ಲ. ನೇರವಾಗಿಯೇ ಹೇಳಿಬಿಡುತ್ತೇನೆ: ನನ್ನ ಭಾವನಿಗೆ ಸ್ವಂತ ರೈಲ್ವೆ ಇದೆ! ನಗಬೇಡಿ, ನಾನು ರೈಲು ಬಿಡುತ್ತಿಲ್ಲ. ಬಿಡುವವರು ಅವರೇ. ದಿನಾ ಸಂಜೆ ಐದು ನಲವತ್ತಕ್ಕೆ, ಕಾಟಿಪಳ್ಳದ ತಮ್ಮ ಮನೆಯ ಚಾವಡಿಯಿಂದ ಅಡುಗೆಮನೆಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ರೈಲ್ವೆಯಲ್ಲಿ ಕೆಲಸದಲ್ಲಿದ್ದವರೋ ಎಂದು ಕೇಳುತ್ತೀರಿ. ಎಲ್ಲಿಯ ರೈಲ್ವೆ! ನಿವೃತ್ತರಾಗುವವರೆಗೂ ಸಿಟಿ ಬಸ್ಸಿನ ಕಂಡಕ್ಟರು. ನಮ್ಮ ಮಂಗಳೂರಿನ ಸಿಟಿ ಬಸ್ಸು ಗೊತ್ತಲ್ಲ? ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಕಿವಿ ಕಿತ್ತು ಕೈಗೆ ಕೊಡುತ್ತಾನೆ. ಅಂಥ ಬಸ್ಸಿನ ಬಾಗಿಲಲ್ಲಿ ಆಯುಷ್ಯವಿಡೀ ನೇತಾಡಿದ ಮನುಷ್ಯ, ಮನೆಗೆ ಬಂದು ಹಲಗೆಯ ಮೇಲೆ ಪುಟ್ಟ ರೈಲಿಗೆ ಹಳಿ ಜೋಡಿಸಲು ಕುಳಿತರು.

"ಕಂಡಕ್ಟರಿಗೆ ರೈಲು ಎಂತಕ್ಕೆ ಭಾವ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬಸ್ಸನ್ನು ಹಿಂದಿನವ ಓವರ್‌ಟೇಕ್ ಮಾಡ್ತಾನೆ ಮಾರಾಯ. ರೈಲನ್ನು ಯಾವನು ಮಾಡ್ತಾನೆ ಹೇಳು?"

ಇದಕ್ಕೆ ಎಂಟನೇ ಕ್ಲಾಸಿನವನು ಏನು ಉತ್ತರ ಕೊಡಬೇಕು? ಎಂ.ಎ. ಮಾಡಿದವರು ಬೇಕಾದರೆ ಕೊಡಲಿ.

ಹಳಿ ಯಾವುದರದ್ದು ಗೊತ್ತೇ? ಕೊಡೆ ಕಡ್ಡಿಯದ್ದು! ನಮ್ಮೂರಿನ ಮಳೆಗಾಲದಲ್ಲಿ ಜನ ಬಸ್ಸಿನಲ್ಲಿ ಬಿಟ್ಟು ಹೋಗುವ ಕೊಡೆಗಳಿಗೆ ಲೆಕ್ಕವಿಲ್ಲ. ಭಾವ ಅವನ್ನೆಲ್ಲ ಡ್ರೈವರಿನ ಹಿಂದಿನ ಕಂಬಿಗೆ ನೇತುಹಾಕಿ, ಇಡೀ ಮಳೆಗಾಲ "ಇದು ಯಾರದ್ದು, ಇದು ಯಾರದ್ದು" ಎಂದು ಕೇಳುತ್ತಿದ್ದರು. ಯಾರೂ ಬಾರದಿದ್ದರೆ ಮಾತ್ರ ಮುಂದಿನ ಮಳೆಗಾಲಕ್ಕೆ ಅದರ ಕಡ್ಡಿ ಬಿಚ್ಚಿ, ಉಜ್ಜಿ, ಬೆಸುಗೆ ಹಾಕಿ ಹಳಿ ಮಾಡುವುದು. ಒಮ್ಮೆ ಒಬ್ಬರು ಟೀಚರಮ್ಮ ಎರಡು ವರ್ಷದ ಮೇಲೆ ಬಸ್ಸು ಹತ್ತಿ, "ಕಂಡಕ್ಟ್ರೇ, ನನ್ನ ಕಪ್ಪು ಕೊಡೆ, ಮರದ ಹಿಡಿಯದ್ದು, ಸಿಕ್ಕಿತ್ತಾ?" ಎಂದು ಕೇಳಿದರಂತೆ. ಭಾವ ಸಿಕ್ಕಿಲ್ಲ ಎಂದು ಬಿಡಬಹುದಿತ್ತು. ಈ ಪುಣ್ಯಾತ್ಮ ಮನೆಗೆ ಬಂದು ಹಳಿ ಕಿತ್ತು, ಕಡ್ಡಿ ಜೋಡಿಸಿ, ಅಕ್ಕನ ಕೈಯಲ್ಲಿ ಬಟ್ಟೆ ಹೊಲಿಸಿ ಕೊಡೆ ವಾಪಸು ಕೊಟ್ಟರು! ಆ ವಾರ ಹಲಗೆಯ ಮೇಲಿನ ಸುರತ್ಕಲ್ಲಿನಿಂದ ಆಚೆಗೆ ರೈಲು ಸಂಚಾರ ರದ್ದು.

ಇನ್ನೊಂದು ತಮಾಷೆ ಎಂದರೆ, ಜನ್ಮವಿಡೀ ಮಳೆಯಲ್ಲಿ ನೆನೆದ ಆ ಕಡ್ಡಿಗಳಿಗೆ ಮನೆಯೊಳಗೆ ಬಂದ ಮೇಲೆ ತೇವ ತಡೆಯುತ್ತಿರಲಿಲ್ಲ. ಜೂನ್ ಬಂತೆಂದರೆ ತುಕ್ಕು. ಊರಿನವರೆಲ್ಲ ಕೊಡೆ ಬಿಡಿಸುವ ಹೊತ್ತಿಗೆ ಭಾವ ಸೀಮೆಎಣ್ಣೆ ಬಟ್ಟೆ ಹಿಡಿದು ಹಳಿಯ ಉದ್ದಕ್ಕೂ ಮೊಣಕಾಲೂರಿ ಹೋಗುತ್ತಿದ್ದರು.

ಈ ರೈಲ್ವೆಯಲ್ಲಿ ನನ್ನದೂ ಪಾಲಿದೆ. ನನ್ನದು ಮೋಟಾರು ವೈಂಡಿಂಗ್ ಕೆಲಸ, ಎಂದರೆ ಸುಟ್ಟುಹೋದ ಪಂಪು, ಫ್ಯಾನುಗಳ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು. ಶಾಲೆ ಬಿಟ್ಟ ವರ್ಷವೇ ಭಾವ ನನ್ನನ್ನು ತಮ್ಮ ಬಸ್ಸಿನಲ್ಲಿ ಕರೆದೊಯ್ದು ಒಬ್ಬ ಮೇಸ್ತ್ರಿಯ ಕೈಕೆಳಗೆ ಬಿಟ್ಟಿದ್ದರು. ಹೆಂಡತಿಯ ತಮ್ಮನೆಂದು ಪುಕ್ಕಟೆ ಕೂರಿಸಿದರೆಂದು ತಿಳಿಯಬೇಡಿ. ಟಿಕೆಟು ಹರಿದೇ ಕೂರಿಸಿದರು. ಹದಿಮೂರು ವರ್ಷ ಕಲಿತು ನಂತೂರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಬೇರೆಯವರ ಮನೆಗೋಡೆಯಲ್ಲಿ ಡಿಗ್ರಿಯ ಫ್ರೇಮು ಇರುತ್ತದೆ. ನನ್ನ ಡಿಗ್ರಿ ಆ ಅಂಗಡಿಯ ಬೋರ್ಡು. ನಾನು ಸುತ್ತಿದ ಮೋಟಾರು ವಾಪಸು ಬಂದದ್ದಿಲ್ಲ; ಬಂದಿದ್ದರೆ ಅದು ಬೇರೆಯವರು ಸುತ್ತಿದ್ದು!

ಇಂಜಿನ್ನಿಗೆ ಹಳೆಯ ಟೇಪ್ ರೆಕಾರ್ಡರಿನ ಮೋಟಾರನ್ನು ನಾನೇ ಕೂರಿಸಿದೆ. ಡಬ್ಬಿಗಳು ಬಿಸ್ಕತ್ತಿನ ತಗಡು. ಚಕ್ರ? ಅದನ್ನು ಅಕ್ಕನ ಬಾಯಿಂದ ಕೇಳಬೇಕು. "ಅರ್ಧ ರವಕೆ ಹೊಲಿದು ಬಾಬಿನ್ ಹುಡುಕ್ತೇನೆ, ಒಂದೂ ಇಲ್ಲ! ಎಲ್ಲ ಇವರ ರೈಲಿನ ಅಡಿಯಲ್ಲಿ ತಿರುಗ್ತಾ ಉಂಟು!"

ಹೊಲಿಗೆ ಮೆಷಿನ್ನಿನ ಬಾಬಿನ್ ಚಕ್ರಗಳ ಮೇಲೆ ರೈಲು ಹೊರಟಿತು. ಹೊರಡುವಾಗ ಭಾವ ಸೀಟಿ ಊದಿ, ಬಸ್ಸಿನಲ್ಲಿ ಕೂಗಿದ ಹಾಗೆಯೇ ಕೂಗುತ್ತಾರೆ: "ದುಂಬು ಪೋಲೆ, ದುಂಬು ಪೋಲೆ!" ಮುಂದೆ ಹೋಗಿ, ಮುಂದೆ ಹೋಗಿ ಎಂದು. ಯಾರಿಗೆ? ಖಾಲಿ ಬಿಸ್ಕತ್ತು ಡಬ್ಬಿಗೆ!

ಚಾವಡಿಯ ನಾಲ್ಕು ಗೋಡೆ ಸುತ್ತಿದ ಮೇಲೆ ಜಾಗ ಮುಗಿಯಿತು. ಸುರಂಗ ಬೇಕೆಂದು ಭಾವನ ಹಟ. ಒಂದು ಭಾನುವಾರ ನಾವಿಬ್ಬರೂ ಸೇರಿ ಅಡುಗೆಮನೆಯ ಕೆಂಪುಕಲ್ಲಿನ ಗೋಡೆಗೆ ತೂತು ಕೊರೆದೆವು. ಸಂಜೆ ರೈಲು ಚಾವಡಿಯಿಂದ ಹೊರಟಿತು, ಸುರಂಗ ಹೊಕ್ಕಿತು, ಹೊರಗೆ ಬರಲಿಲ್ಲ. ಐದು ನಿಮಿಷವಾಯಿತು. ಅಪಘಾತವೇ ಆಯಿತೆಂದು ಓಡಿ ಹೋಗಿ ನೋಡಿದರೆ, ಆಚೆ ಬದಿಯಲ್ಲಿ ಅಕ್ಕ ತೂತಿಗೆ ಹಳೇ ಚಾದರ ತುರುಕಿದ್ದಾಳೆ!

"ಎಂತ ಮಾಡಿದ್ದು ನೀನು? ಸುರಂಗಕ್ಕೆ ಬಟ್ಟೆ ತುರುಕುವುದಾ?" ಎಂದರು ಭಾವ.

"ನನಗೆಂತ ಗೊತ್ತು? ಇಲಿ ಕೊರೆದದ್ದು ಅಂತ ಗ್ರಹಿಸಿದೆ."

"ಇಷ್ಟು ಚೌಕವಾಗಿ ಕೊರೆಯುವ ಇಲಿ ಎಲ್ಲಿ ಉಂಟು?"

"ಎರಡು ಉಂಟು. ಎದುರೇ ನಿಂತಿವೆ!"

ಇಷ್ಟೆಲ್ಲ ಹುಚ್ಚಿನ ನಡುವೆ ಭಾವನದು ಒಂದು ಕಟ್ಟುನಿಟ್ಟು. ಊರಿನಲ್ಲಿ ಇದ್ದದ್ದನ್ನು ಮಾತ್ರ ಮಾಡಬೇಕು. ಇಲ್ಲದ್ದನ್ನು ಮಾಡಿದರೆ ಅದು ರೈಲ್ವೆಯಲ್ಲ, ಮಕ್ಕಳ ಆಟಿಕೆ. ಊರಿನಲ್ಲಿ ಒಂದು ಮರ ಕಡಿದರೆ ಹಲಗೆಯ ಮೇಲೂ ಕಡಿಯಬೇಕು. ಹಳಿಯ ಪಕ್ಕ ನಂತೂರಿನ ವೃತ್ತವನ್ನೂ ಮಾಡಿದ್ದರು. ಬೆಂಕಿಪೆಟ್ಟಿಗೆಯ ಲಾರಿಗಳು, ಎಲ್ಲವನ್ನೂ ಅಂಟು ಹಾಕಿ ಕೂರಿಸಿದ್ದು. "ಲಾರಿ ಚಲಿಸುವುದಿಲ್ಲವಾ?" ಎಂದು ಕೇಳಿದರೆ, "ನಂತೂರಿನಲ್ಲಿ ಚಲಿಸ್ತದಾ?" ಎಂದು ತಿರುಗಿ ಕೇಳುತ್ತಿದ್ದರು. ಆ ಲಾರಿಗಳ ಪಕ್ಕದಲ್ಲಿಯೇ ಉಗುರಿನಷ್ಟು ಬೋರ್ಡು ಹೊತ್ತ ಒಂದು ಕೋಣೆ: ನನ್ನ ಅಂಗಡಿ! ಬಂದ ನೆಂಟರಿಗೆಲ್ಲ ನಾನು ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಅಕ್ಕ ಒಮ್ಮೆ ಆಸೆಯಿಂದ ಕೇಳಿದಳು, "ನಮ್ಮ ಕಾಟಿಪಳ್ಳಕ್ಕೂ ಒಂದು ಸ್ಟೇಷನ್ ಮಾಡಿ ಅಲ್ಲವಾ?"

"ಕಾಟಿಪಳ್ಳಕ್ಕೆ ರೈಲು ಉಂಟಾ?"

"ಇಲ್ಲ."

"ಮತ್ತೆ?"

"ಅಡುಗೆಮನೆಗೆ ಬಂದ ರೈಲು ಊರಿಗೆ ಬರಬಾರದಾ?" ಎಂದು ಅಕ್ಕ ಗೊಣಗಿದಳು. ಭಾವ ಜಗ್ಗಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡಲು ನಂತೂರಿನ ನಮ್ಮ ಸಾಲು ಕೋಣೆಗಳನ್ನು ಕೆಡವಿದರು. ಬೋರ್ಡನ್ನು ನಾನೇ ಬಿಚ್ಚಿ ತಲೆಯ ಮೇಲೆ ಹೊತ್ತು ಮನೆಗೆ ತಂದೆ. ಮರುವಾರ ಮನಸ್ಸು ತಡೆಯದೆ ಕಾಟಿಪಳ್ಳಕ್ಕೆ ಹೋದೆ. ಹೋದವನು ಮೊದಲು ಹಲಗೆಯನ್ನೇ ನೋಡಿದೆ. ಲಾರಿಗಳಿದ್ದವು. ನನ್ನ ಅಂಗಡಿ ಇದ್ದಲ್ಲಿ ಒರೆಸಿ ನಯ ಮಾಡಿದ ಕೆಂಪು ಮಣ್ಣು.

"ಇದನ್ನೂ ತೆಗೆದಿರಾ ಭಾವ?"

"ಅಂಗಡಿ ಉಂಟಾ ಅಲ್ಲಿ?"

"ಇಲ್ಲ."

"ಮತ್ತೆ?"

ಸರಕಾರ ಕೆಡವಿದಾಗ ಬಾರದ ಕಣ್ಣೀರು ನನಗೆ ಆಗ ಬಂತು. ಬಂದದ್ದನ್ನು ತೋರಿಸುವ ಜಾತಿ ನಾನಲ್ಲ. ಅಕ್ಕ ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ. ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಮನೆಯ ಜಗಲಿಯಲ್ಲಿ ಕುಳಿತು ಮೋಟಾರು ಸುತ್ತಿದೆ, ಗಿರಾಕಿಗಳ ಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಕೊನೆಗೆ ಬಿಜೈಯಲ್ಲಿ ಒಂದು ಕೋಣೆ ಸಿಕ್ಕಿತು. ಅದೇ ಬೋರ್ಡನ್ನು ಮತ್ತೆ ಏರಿಸಿದೆ. ಅಕ್ಕ ಬಂದಿದ್ದಳು. ಭಾವ ಬರಲಿಲ್ಲ. ಬಾರದಿದ್ದರೆ ಬೇಡ, ಕರೆದವರು ಯಾರು!

ಒಂದು ತಿಂಗಳ ಮೇಲೆ ಅಕ್ಕನ ಫೋನು. "ಇವರ ರೈಲು ನಿಂತಿದೆ. ಮೋಟಾರು ಸುಟ್ಟಿದೆ ಅಂತ ಕಾಣ್ತದೆ. ಬಾ ಒಮ್ಮೆ."

ನಾನು ಕೂರಿಸಿದ ಮೋಟಾರು ಸುಡುವುದೇ? ಸಿಟ್ಟನ್ನೆಲ್ಲ ಅಲ್ಲಿಯೇ ಬಿಟ್ಟು, ಸಾಮಾನಿನ ಚೀಲ ಹಿಡಿದು ಹೊರಟೆ. ನಂತೂರಿನಲ್ಲಿ ಸಿಕ್ಕಿಬಿದ್ದು ತಲುಪುವಾಗ ಗಂಟೆ ಆರು ಹತ್ತು. ಇಂಜಿನ್ ಚಾವಡಿಯ ಸ್ಟೇಷನ್ನಿನಲ್ಲಿ ನಿಂತಿತ್ತು. ಬಿಚ್ಚಿ ನೋಡಿದೆ. ಸುಟ್ಟದ್ದೂ ಇಲ್ಲ, ಕೆಟ್ಟದ್ದೂ ಇಲ್ಲ.

"ಮೋಟಾರು ಸರಿ ಉಂಟಲ್ಲ?"

"ಸುಟ್ಟಿದೆ ಅಂದದ್ದು ನಾನು," ಎಂದಳು ಅಕ್ಕ. "ಇವರಿಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ ಅಲ್ಲವಾ. ಐದು ನಲವತ್ತರಿಂದ ರೈಲು ಹಿಡಿದುಕೊಂಡು ಕೂತಿದ್ದಾರೆ, ನೀನು ಬಾರದೆ ಬಿಡುವುದಿಲ್ಲ ಅಂತ."

ಆಗ ಕಂಡಿತು. ಚಾವಡಿಯ ಮೂಲೆಯಲ್ಲಿ ಇನ್ನೊಂದು ತೂತು. ಅದರೊಳಗಿಂದ ಹೊಸ ಹಳಿ ಅಕ್ಕನ ಕೋಣೆಗೆ ಹೋಗಿತ್ತು. ಅಕ್ಕನ ಸೀರೆಯ ಕಪಾಟು ಎದ್ದು ಅಂಗಳದ ಬದಿಗೆ ಬಂದಿತ್ತು. ಅದು ಇದ್ದ ಜಾಗದಲ್ಲಿ ಹಲಗೆ, ಹಲಗೆಯ ಮೇಲೆ ಹಳದಿ ಬೋರ್ಡು, ಮೂರು ಭಾಷೆಯಲ್ಲಿ 'ಬಿಜೈ'. ಪ್ಲಾಟ್‌ಫಾರ್ಮಿಗೆ ತಾಗಿಕೊಂಡೇ ಒಂದು ಕೋಣೆ. ಉಗುರಿನಷ್ಟು ಬೋರ್ಡಿನಲ್ಲಿ ನನ್ನ ಹೆಸರು. ಬಾಗಿಲಲ್ಲಿ ಸಾಸಿವೆ ಕಾಳಿನಷ್ಟು ತಾಮ್ರದ ತಂತಿಯ ಉಂಡೆ.

ಬಗ್ಗಿ ಆ ಬೋರ್ಡನ್ನು ಎರಡು ಸಲ ಓದಿದೆ. ಆದರೂ ಬಿಡಲಿಲ್ಲ, ಕೇಳಿಯೇ ಕೇಳಿದೆ.

"ಬಿಜೈಗೆ ರೈಲು ಉಂಟಾ ಭಾವ?"

"ಇಲ್ಲ."

"ಮತ್ತೆ?"

ಭಾವ ನನ್ನ ಮುಖ ನೋಡಲಿಲ್ಲ. ಸೀಟಿಯನ್ನು ಅಂಗಿಯಲ್ಲಿ ಒರೆಸಿದರು, ಮತ್ತೊಮ್ಮೆ ಒರೆಸಿದರು.

"ನೀನು ಆಚೆ ಸರಿ ಮಾರಾಯ, ಲೇಟಾಯ್ತು," ಎಂದು ಊದಿದರು. "ದುಂಬು ಪೋಲೆ!"

ಎಂಟನೇ ಕ್ಲಾಸಿಗೆ ನಿಲ್ಲಿಸಿದವನ ಬಳಿ ಈಗ ಇರುವುದು ಇಷ್ಟು: ಬಿಜೈಯಲ್ಲಿ ಅಂಗಡಿ ಒಂದು, ತಂತಿ ಸುತ್ತುವ ಮೆಷಿನ್ನು ಎರಡು, ಕೆಲಸದವರು ಮೂವರು, ಅಕ್ಕ ಒಬ್ಬಳು, ಭಾವ ಒಬ್ಬರು, ರೈಲ್ವೆ ಸ್ಟೇಷನ್ ಒಂದು.