ಟೈಮ್ ಕೀಪರ್ ಮಾವನ ಸಂಶಯಾಸ್ಪದ ಊಟ

ನನ್ನ ಸೋದರಮಾವ ನಿಧಾನವಾಗಿ ಉಣ್ಣುತ್ತಿದ್ದಾರೆಂದರೆ ಪೊಲೀಸರಿಗೆ ತಿಳಿಸುವುದೇ ಸರಿ! ಉಡುಪಿಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದವರು ಅವರು. ಕಾರ್ಕಳದ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಸೀಟಿ ಊದಿ ಓಡಿಸುವುದೇ ಕೆಲಸ. ನಿವೃತ್ತರಾದ ಮೇಲೆ ಓಡಿಸಲು ಉಳಿದವರು ಮನೆಯವರಲ್ಲದೆ ಇನ್ಯಾರು?

ಕಾಪುವಿನಲ್ಲೊಂದು ಮದುವೆ. ವಧೂವರರನ್ನು ಹರಸಲು ವೇದಿಕೆ ಏರಿದವರು ಫೋಟೋಕ್ಕೆ ಎರಡನೆಯ ಸಲ ನಕ್ಕರೆ ಸಾಕು, ಕೆಳಗಿನಿಂದ ಮಾವನ ಗದರಿಕೆ: "ಹೋಯ್, ಹಿಂದೆ ಗಾಡಿ ಉಂಟು, ಬಿಡಿ ಬಿಡಿ!" ಪಾಪ, ವರನ ತಂದೆಯೂ ಬೆದರಿ ಇಳಿದುಬಿಟ್ಟರು!

ಇಂಥವರೆದುರು ನಾನು ಸುಮ್ಮನಿರುವವಳಲ್ಲ. ಮಾವ ಬಿಸಿಬಿಸಿ ಉಂಡೆದ್ದ ಮೇಲೆ ಅತ್ತೆ ತಣಿದದ್ದನ್ನು ಉಣ್ಣುವುದು ಅನ್ಯಾಯವೆಂದು ಕಲ್ಯಾಣಪುರದ ಅವರ ಮನೆಯಲ್ಲೇ ಎಷ್ಟೋ ಸಲ ವಾದಿಸಿದ್ದೇನೆ. ಮಾವನ ಉತ್ತರ ಒಂದೇ: "ನಿನ್ನ ಭಾಷಣಕ್ಕೆ ಎಷ್ಟು ನಿಮಿಷ ಕೊಟ್ಟದ್ದು ಮಾರಾಯ್ತಿ?"

ದೀಪಾವಳಿ ಕಳೆದು, ಹಂಚಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುವ ಈ ದಿನಗಳಲ್ಲಿ ಮತ್ತೆ ಅಲ್ಲಿಗೆ ಹೋದೆ. ಅತ್ತೆ ಜ್ವರದಿಂದ ಎದ್ದು ತಿಂಗಳಾಗಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಗಂಜಿಗೆ ಕುಳಿತರು. ನಾನು ಉಂಡೇ ಬಂದಿದ್ದೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಮಾವ ಏಳುವುದಿಲ್ಲ! ಕುಚ್ಚಲಕ್ಕಿಯ ಒಂದೊಂದು ಅಗುಳಿನ ಯೋಗಕ್ಷೇಮ ವಿಚಾರಿಸಿಕೊಂಡು ಉಣ್ಣುತ್ತಿದ್ದಾರೆ. ಪಾತ್ರೆ ತೊಳೆಯುವುದರಿಂದ ತಪ್ಪಿಸಿಕೊಳ್ಳಲು ಗಂಡಸರು ಕಂಡುಕೊಂಡ ಹೊಸ ಉಪಾಯವಲ್ಲದೆ ಇದು ಇನ್ನೇನು? ಅದೂ ಕಾಯಿಲೆಯ ಹೆಂಗಸಿನೆದುರು!

"ಎಂತ ಮಾವ, ಇಷ್ಟು ನಿಧಾನ?"

"ಹಲ್ಲು ನೋವು."

"ಈಗಷ್ಟೇ ಚಕ್ಕುಲಿ ಕಡಿದಿರಲ್ಲ!"

ಅಷ್ಟರಲ್ಲಿ ಒಳಗೆ ಫೋನ್ ರಿಂಗಾಯಿತು. ಅತ್ತೆ ಎದ್ದು ಹೋದದ್ದೇ ತಡ, ಮಾವ ನನ್ನತ್ತ ಬಾಗಿದರು.

"ಬಾಯಿ ಮುಚ್ಚು ಮಾರಾಯ್ತಿ! ನಾನು ಎದ್ದರೆ ಅವಳೂ ಅರ್ಧಕ್ಕೇ ಏಳುತ್ತಾಳೆ. ನನ್ನನ್ನು ಕಾಯಿಸಬಾರದಂತೆ. ಅವಳು ಹೀಗೇ ಸರಿಯಾಗಿ ಉಣ್ಣದೆ ಇದ್ದರೆ ಪುನಃ ಅಡ್ಮಿಟ್ ಮಾಡಬೇಕೆಂದು ಮಣಿಪಾಲದ ಡಾಕ್ಟರು ಹೇಳಿದ್ದಾರೆ." ತಗ್ಗಿದ ದನಿಯಲ್ಲಿ ಸೇರಿಸಿದರು: "ಇಷ್ಟು ವರ್ಷ ಅವಳು ಉಣ್ಣುವುದನ್ನು ನಾನು ನೋಡಿದ್ದೇ ಇಲ್ಲ."

ಅತ್ತೆ ಬಂದರು. ನಮ್ಮಿಬ್ಬರ ಮುಖವನ್ನೂ ಅನುಮಾನದಿಂದ ದಿಟ್ಟಿಸಿ, "ಎಂತ ಗುಟ್ಟು? ನನ್ನಿಂದ ಇವರಿಗೆ ತಡವಾಯ್ತು, ಅಲ್ವಾ?" ಎನ್ನುತ್ತ ತಟ್ಟೆಯನ್ನು ದೂರ ಸರಿಸಿದರು.

ಸತ್ಯವನ್ನಲ್ಲದೆ ಬೇರೇನನ್ನೂ ನುಡಿಯದ ಹೆಮ್ಮೆ ನನ್ನದು. ಆದರೂ ಹೇಳಿದೆ: "ಅತ್ತೆ, ನನಗೂ ಒಂದು ತಟ್ಟೆ ಕೊಡಿ. ವಿಪರೀತ ಹಸಿವು."

"ಉಂಡು ಬಂದೆ ಅಂದಿಯಲ್ಲ?"

"ನಾಚಿಕೆಗೆ ಹೇಳಿದ್ದು."

ಅತ್ತೆ ನಕ್ಕು ನನಗೆ ಬಡಿಸಿದರು. ಮಾವ ತಮ್ಮ ತಟ್ಟೆಯನ್ನೂ ಮುಂದೊಡ್ಡಿದರು.

"ನೀವಿಬ್ಬರೂ ಉಣ್ಣುವಾಗ ನಾನೊಬ್ಬಳು ಸುಮ್ಮನೆ ಕೂತು ಎಂತ ಮಾಡಲಿ?" ಎಂದು ಅತ್ತೆ ಸರಿಸಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅದಕ್ಕೂ ಒಂದು ಸೌಟು ಗಂಜಿ ಹಾಕಿಕೊಂಡರು.