ಷೇರುದಾರರ ಬೈಗುಳಕ್ಕೊಂದು ಆ್ಯಪ್

ಸಿ.ವಿ. ರಾಮನ್ ನಗರದ ಸುಲಲಿತ ಸಾಫ್ಟ್‌ವೇರ್ ಲಿಮಿಟೆಡ್ ಕಳೆದ ಆರ್ಥಿಕ ವರ್ಷದಲ್ಲಿ ಒಂದೇ ಒಂದು ಸಾಫ್ಟ್‌ವೇರನ್ನೂ ಮಾರಿಲ್ಲವೆಂದು ಅದರ ಆಡಳಿತ ಮಂಡಳಿ ಸಂತೋಷದಿಂದ ಪ್ರಕಟಿಸಿತು. ಮಾರದ ಕಾರಣ ಗ್ರಾಹಕರ ದೂರುಗಳೂ ಇರಲಿಲ್ಲ.

ದೂರು ಇದ್ದದ್ದು ಷೇರುದಾರರದ್ದು. ವಿಮಾನಪುರದ ಶ್ರೀರಾಮಪ್ಪನವರು ವಿಮಾನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ, ನಿವೃತ್ತಿಯ ಗಂಟನ್ನೆಲ್ಲ ಈ ಕಂಪನಿಗೆ ಸುರಿದಿದ್ದರು. ಅದು ಕರಗುವುದನ್ನು ನೋಡಿ ಅವರ ಹೊಟ್ಟೆ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿ, ಮ್ಯಾನೇಜಿಂಗ್ ಡೈರೆಕ್ಟರ್ ಜಯಂತ್ ಅವರನ್ನು ವಾಚಾಮಗೋಚರವಾಗಿ ಬೈದ ಮೇಲೆಯೇ ಕಾಫಿ ಕುಡಿಯುತ್ತಿದ್ದರು. ಶಿವಾಜಿನಗರದ ಷೇರುದಾರರಾದ ಬಿಲ್ಕೀಸ್ ಬೇಗಂ ಅದೇ ಕೆಲಸವನ್ನು ದಖನಿಯಲ್ಲಿ ಮಾಡುತ್ತಿದ್ದರು, ಹಲಸೂರಿನವರು ತಮಿಳಿನಲ್ಲಿ.

ಫೋನ್ ಎತ್ತುವವರಿಗೆ ಸಾಕಾಗಿ ಹೋಯಿತು. ಆಗ ಕಂಪನಿ ‘ಆಕ್ರೋಶ’ ಎಂಬ ಆ್ಯಪ್ ಹೊರತಂದಿತು. ಬೈಯುವ ಮುನ್ನ ಭಾಷೆ ಆರಿಸಿಕೊಳ್ಳತಕ್ಕದ್ದು. ನಿರ್ದೇಶಕರ ತಂದೆತಾಯಿಯರನ್ನು ಎಳೆದು ತರುವವರು ಶುಲ್ಕ ಕಟ್ಟಿ ಪ್ರೀಮಿಯಂ ಸದಸ್ಯರಾಗತಕ್ಕದ್ದು. ಬೈದ ತಕ್ಷಣ ‘ತಮ್ಮ ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಉತ್ತರ ಬರುತ್ತಿತ್ತು. ಅದನ್ನು ಓದಿದವರು ಪಿತ್ತ ನೆತ್ತಿಗೇರಿ ಮತ್ತೆ ಬೈಯುತ್ತಿದ್ದರು. ಕಂಪನಿಯ ಇತಿಹಾಸದಲ್ಲಿ ಜನ ಮನಸಾರೆ ಬಳಸಿದ ಮೊದಲ ಸಾಫ್ಟ್‌ವೇರ್ ಇದು. ಬಳಕೆದಾರರ ಭರಾಟೆ ಕಂಡು ದೊಡ್ಡ ಹೂಡಿಕೆದಾರರು ಮುಗಿಬಿದ್ದರು, ಷೇರಿನ ಬೆಲೆ ಏರತೊಡಗಿತು.

ಹಲಸೂರಿನ ಕಲ್ಯಾಣ ಮಂಟಪದಲ್ಲಿ ವಾರ್ಷಿಕ ಮಹಾಸಭೆ ಸೇರಿತು. ಉಪ್ಪಿಟ್ಟು ಮುಗಿದ ಮೇಲೆ ಶ್ರೀರಾಮಪ್ಪನವರು ಎದ್ದು, ಜಯಂತ್ ಕೂಡಲೇ ರಾಜೀನಾಮೆ ಕೊಡಬೇಕೆಂದರು. ಭಾರೀ ಚಪ್ಪಾಳೆ ಬಿತ್ತು.

“ಕೊಡ್ತೀನಿ ಸಾರ್,” ಎಂದರು ಜಯಂತ್. “ಆದ್ರೆ ನನ್ನ ಜಾಗಕ್ಕೆ ಬಂದೋರು ಚೆನ್ನಾಗಿ ಕೆಲ್ಸ ಮಾಡ್ಬಿಟ್ರೆ ನೀವು ಯಾರನ್ನ ಬೈತೀರ? ಆ್ಯಪ್ ಯಾರು ಬಳಸ್ತಾರೆ? ನಿಮ್ಮ ದುಡ್ಡಿನ ಗತಿ ಏನು?”

ಶ್ರೀರಾಮಪ್ಪನವರಿಗೆ ನಿಜಕ್ಕೂ ಭಯವಾಯಿತು.

ಬಿಲ್ಕೀಸ್ ಬೇಗಂ ಪಕ್ಕದಿಂದ ಮೆಲ್ಲಗೆ, “ಕೂತ್ಕೊಳ್ಳಿ ಸಾಬ್. ಇಷ್ಟು ನಾಲಾಯಕ್ ಮನುಷ್ಯ ನಮ್ಗೆ ಇನ್ನೊಬ್ಬ ಎಲ್ಲಿ ಸಿಗ್ತಾನೆ?” ಎಂದರು.

ಜಯಂತ್ ಅವರನ್ನೇ ಮುಂದುವರಿಸುವ ನಿರ್ಣಯವನ್ನು ಶ್ರೀರಾಮಪ್ಪನವರು ಮಂಡಿಸಿದರು. ಅದು ಸರ್ವಾನುಮತದಿಂದ ಅಂಗೀಕಾರವಾಯಿತು.

ಮೊನ್ನೆ ಯಾರದೋ ಅಜಾಗರೂಕತೆಯಿಂದ ಕಂಪನಿಗೆ ಒಳ್ಳೆಯ ಗ್ರಾಹಕರೊಬ್ಬರು ಸಿಕ್ಕಿಬಿಟ್ಟರು. ಸುದ್ದಿ ತಿಳಿದ ಷೇರುದಾರರು ಕಚೇರಿಯೆದುರು ಧರಣಿ ಕೂತರು. ಜಯಂತ್ ಹೊರಬಂದು ಕೈಮುಗಿದು, ಗ್ರಾಹಕರನ್ನು ವಾಪಸ್ ಕಳಿಸಲಾಗಿದೆ, ಇಂಥ ತಪ್ಪು ಇನ್ನೆಂದೂ ಆಗದು ಎಂದು ಭರವಸೆ ಕೊಟ್ಟರು. ಶ್ರೀರಾಮಪ್ಪನವರು ಅವರ ಬೆನ್ನು ತಟ್ಟಿ, ಹೀಗೇ ಮುಂದುವರಿಯಿರಿ ಎಂದು ಹರಸಿ ಮನೆಗೆ ಹೋದರು.