ಹಸಿ ಬಣ್ಣದ ಹೆಂಡತಿ

ಗೆರೆ ನೆಟ್ಟಗೆ ಎಳೆಯಲು ಬಾರದವರಿಗೂ ದೇವರು ಒಂದು ದಾರಿ ಇಟ್ಟಿದ್ದಾನೆ. ಎಣ್ಣೆಬಣ್ಣವನ್ನು ದಪ್ಪಗೆ ಮೆತ್ತುವುದು. ಮೂಗು ಸೊಟ್ಟಗಾದರೆ ಅದರ ಮೇಲೆ ಇನ್ನಷ್ಟು ಮೆತ್ತಬಹುದು. ಯಾರಾದರೂ ಕೇಳಿದರೆ "ಅದು ಭಾವ" ಎನ್ನಬಹುದು. ಮಧುಗಿರಿಯ ಕೋರ್ಟಿನಲ್ಲಿ ದಿನವಿಡೀ ಬೇರೆಯವರ ಜಗಳ ಟೈಪು ಮಾಡುವ ನಾನು ಈ ವಿದ್ಯೆಯನ್ನು ಮೊಬೈಲ್ ನೋಡಿಯೇ ಕಲಿತೆ. ಕುಂಚ ಬೇಕಿಲ್ಲ, ಗಾರೆಯವರ ಕರಣೆಯಂಥ ಪುಟ್ಟ ಚಾಕು ಸಾಕು. ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮುದ್ದೆ ತಿರುವುತ್ತಿದ್ದ ನನ್ನ ಹೆಂಡತಿ ಗಿರಿಜೆಯನ್ನು ಬರೆದೆ. ಬರೆದೆ ಎನ್ನುವುದಕ್ಕಿಂತ ಕಟ್ಟಿದೆ ಎನ್ನಬೇಕು.

ಅವಳು ಕೈ ತೊಳೆದು ಬಂದು ನೋಡಿದಳು. "ನನ್ ಮುಖಾನೂ ಮುದ್ದೆ ಮಾಡ್ಬುಟ್ರಲ್ಲಾ!" ಎಂದಳು. ನಗುತ್ತಾಳೆಂದು ಕಾದೆ. ನಗಲಿಲ್ಲ. "ಇಷ್ಟ್ ವರ್ಷ ನನ್ನ ನೋಡಿದ್ದು ಇಂಗೇನಾ?" ಎಂದು ಒಳಗೆ ಹೋದಳು. ಆಮೇಲೆ ಊಟಕ್ಕೆ ಕರೆದದ್ದೂ ಪಾತ್ರೆಯ ಸದ್ದಿನಲ್ಲೇ. ಕೋರ್ಟಿನಲ್ಲಾದರೆ ವಾಯಿದೆ ಕೇಳಬಹುದು. ಮನೆಯಲ್ಲಿ ಆ ಸೌಲಭ್ಯವಿಲ್ಲ. ಚಿತ್ರವನ್ನು ಹಜಾರದ ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟೆ.

ಅದೇ ವಾರ ಪಾವಗಡದಿಂದ ಅತ್ತೆ ಬಂದರು. ಅವರಿಗೆ ಕಣ್ಣು ಮಂಜು. ಏನನ್ನೇ ಆದರೂ ಕೈಯಲ್ಲೇ ನೋಡುತ್ತಾರೆ. ಗೋಡೆ ಸವರಿಕೊಂಡು ಬರುವಾಗ ಚಿತ್ರ ಕೈಗೆ ಸಿಕ್ಕಿತು. "ಇದೇನ್ ಅಳಿಯಂದ್ರೇ, ಮನೆ ಒಳಗೇ ಬೆರಣಿ ತಟ್ಟಿದ್ದೀರಾ?" ಎಂದರು.

ಗಿರಿಜೆ ಬೇಕೆಂದೇ, "ಬೆರಣಿ ಅಲ್ಲ, ಅದು ನಾನೇ ಕಣಮ್ಮ" ಎಂದಳು. ಅತ್ತೆಯ ಬೆರಳುಗಳು ನಿಧಾನವಾಗಿ ಕೆಳಗಿಳಿದು ಚಿತ್ರದೊಳಗಿನ ಗಿರಿಜೆಯ ಬೆನ್ನಿನ ಮೇಲೆ ನಿಂತವು. "ಅವುನು ಕಣೇ, ನೀನೇ! ಮುದ್ದೆಕೋಲು ಹಿಡಿದ್ರೆ ಇಂಗೇ ಎಡಕ್ಕೆ ವಾಲ್ತಿದ್ದೆ, ಲಂಗ ಹಾಕ್ತಿದ್ದಾಗಿಂದ್ಲೂ. ಅಳಿಯಂದ್ರು ಸರಿಯಾಗೇ ನೋಡವ್ರೆ."

ಗಿರಿಜೆ ಸಂಜೆ ತಾನೇ ಮೊಳೆ ಹೊಡೆದು ಚಿತ್ರವನ್ನು ತೂಗುಹಾಕಿದಳು. ಆಗ ನೋಡಿದೆ: ಬಣ್ಣ ಮೇಲೆ ಕೆನೆಗಟ್ಟಿದ್ದರೂ ಒಳಗೆ ಇನ್ನೂ ಹಸಿ. ಅತ್ತೆಯ ಬೆರಳುಗಳು ಬೆನ್ನಿನುದ್ದಕ್ಕೂ ಸಾಲು ಹೊಡೆದಿದ್ದವು. ಸರಿಮಾಡೋಣವೆಂದು ಚಾಕು ತಂದರೆ, "ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಅಡ್ಡ ನಿಂತಳು.

ಮೊನ್ನೆ ಸಿರಾದಿಂದ ಪರಿಚಯದ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಕನ್ನಡಕ ಏರಿಸಿ, ಇಳಿಸಿ ನೋಡಿ, "ಮಿಕ್ಕಿದ್ದೆಲ್ಲ ಬರೀ ಮೆತ್ತಿರೋದು ಸಾರ್. ಆದ್ರೆ ಈ ಬೆನ್ನಿನಲ್ಲಿ ಜೀವ ಐತೆ. ಹೆಂಗೆ ತಂದ್ರಿ ಇದನ್ನ?" ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಂಡು, "ಅದೆಲ್ಲ ತಾನಾಗೇ ಬರ್ಬೇಕು ಸಾರ್" ಎಂದೆ.

ಕಾಫಿ ತಂದ ಗಿರಿಜೆ ಮೇಷ್ಟ್ರ ಕೈಗೆ ಲೋಟ ಕೊಟ್ಟು, ನನ್ನ ಕಡೆ ತಿರುಗಿ, "ನಿಮ್ ಕಾಫೀನೂ ತಾನಾಗೇ ಬರುತ್ತೆ, ಇರಿ" ಎಂದಳು.

ಅದು ಇನ್ನೂ ಬಂದಿಲ್ಲ.